ಮಾತ್ರೆ, ಮುಖ ಮತ್ತು ಬಾಯಿ

ಕೇಳುಗರೇ, ನಮಸ್ಕಾರ.

2004ರ ಏಪ್ರಿಲ್‌ನಲ್ಲಿ ನಮ್ಮ ದೇಶದ ಸರ್ಕಾರಿ ಆಸ್ಪತ್ರೆಗಳು ಎಚ್‌ಐವಿ ಮಾತ್ರೆಗಳನ್ನು ಪುಕ್ಕಟೆ ಕೊಡಲು ಶುರು ಮಾಡಿದವು. ಆಗ ತುಂಬ ಜನರಿಗೆ ಕೊಟ್ಟ ಮಾತ್ರೆಯಲ್ಲಿ ಸ್ಟಾವುಡಿನ್ ಇತ್ತು. ಅಗ್ಗದ ಔಷಧ. ಎಷ್ಟೋ ಜೀವ ಉಳಿಸಿತು. ಆದರೆ ಕೆಲವು ತಿಂಗಳು ನುಂಗಿದ ಮೇಲೆ ಹಲವರ ಕೆನ್ನೆ ಬತ್ತತೊಡಗಿತು. ಕಣತಲೆ ಒಳಕ್ಕೆ ಇಳಿಯಿತು.

ನಮ್ಮ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯಾ ಇರುತ್ತವೆ, ಶಕ್ತಿ ತಯಾರಿಸುವ ಪುಟ್ಟ ಒಲೆಗಳ ಹಾಗೆ. ವೈರಸ್ಸನ್ನು ತಡೆಯುವ ಸ್ಟಾವುಡಿನ್ ಇವುಗಳ ಡಿಎನ್ಎಗೂ ಅಡ್ಡ ಬರುತ್ತಿತ್ತು. ಚರ್ಮದ ಕೆಳಗಿನ ಕೊಬ್ಬಿನ ಕೋಶಗಳು ಸೊರಗಿ ಸಾಯುತ್ತಿದ್ದವು.

ಒಳಗೆ ವೈರಸ್ ಹತೋಟಿಗೆ ಬಂದಿತ್ತು. ಹೊರಗೆ ಸಿಕ್ಕವರೆಲ್ಲ "ಯಾಕೆ ಇಷ್ಟು ಇಳಿದುಹೋಗಿದ್ದೀಯ?" ಅಂತ ಕೇಳುತ್ತಿದ್ದರು. ಗುಟ್ಟಾಗಿ ಔಷಧ ತಗೊಳ್ಳುವವರಿಗೆ ಇದಕ್ಕೆ ಉತ್ತರ ಹೇಳೋದು ಎಷ್ಟು ಕಷ್ಟ, ಅಲ್ವಾ? ಮುಖಕ್ಕೆ ಹೆದರಿ ಮಾತ್ರೆಯನ್ನೇ ಬಿಟ್ಟವರಿದ್ದಾರೆ. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ.

2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಟಾವುಡಿನ್ ಕೈಬಿಡಿ ಎಂದಿತು. ಈಗ ಎಚ್‌ಐವಿ ಔಷಧ ಕೊಡುವ ನಮ್ಮ ಎಆರ್‌ಟಿ ಕೇಂದ್ರಗಳಲ್ಲಿ ಹೆಚ್ಚಿನ ವಯಸ್ಕರಿಗೆ ಸಿಗುವುದು ಟಿಎಲ್‌ಡಿ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿ ದಿನಕ್ಕೆ ಒಂದೇ ಮಾತ್ರೆ. ಇದು ಹಾಗೆ ಕೆನ್ನೆ ಬತ್ತಿಸುವುದಿಲ್ಲ. ಹಳೆಯ ಮಾತ್ರೆಯಿಂದ ಹೋದ ಕೊಬ್ಬು ಮಾತ್ರ ನಿಧಾನ. ಸ್ವಲ್ಪ ಮರಳುತ್ತದೆ, ಎಲ್ಲರಿಗೂ ಪೂರ್ತಿ ಅಲ್ಲ.

ಇನ್ನು ಬಾಯಿ. ಜಿಡೋವುಡಿನ್ ಎಂಬ ಇನ್ನೊಂದು ಎಚ್‌ಐವಿ ಔಷಧ ತಗೊಳ್ಳುವ ಕೆಲವರ ವಸಡು, ನಾಲಿಗೆ, ಉಗುರು ಕಪ್ಪಾಗುತ್ತವೆ. ಆ ಬಣ್ಣದಿಂದ ತೊಂದರೆಯಿಲ್ಲ. ಅಟಜಾನಾವಿರ್ ಎಂಬ ಮತ್ತೊಂದು ಔಷಧದಿಂದ ಕಣ್ಣು ಹಳದಿಯಾದರೆ ಜನ ಕಾಮಾಲೆ ಅಂತ ಗಾಬರಿಯಾಗುತ್ತಾರೆ. ಹೆಚ್ಚಿನ ಸಲ ಲಿವರ್ ಕೆಟ್ಟಿರುವುದಿಲ್ಲ. ಆದರೂ ಡಾಕ್ಟರಿಗೆ ತೋರಿಸಿ ಖಚಿತ ಮಾಡಿಕೊಳ್ಳಬೇಕು. ನಾಲಿಗೆ ಮೇಲೆ ಮೊಸರಿನಂಥ ಬಿಳಿ ಪದರ ಕಂಡರೆ ಸುಮ್ನೆ ಮಾತ್ರೆಯನ್ನು ದೂರಬೇಡಿ. ಅದು ಸಾಮಾನ್ಯವಾಗಿ ಫಂಗಸ್. ರೋಗನಿರೋಧಕ ಶಕ್ತಿ ಕುಗ್ಗಿರುವ ಸೂಚನೆಯೂ ಆಗಿರಬಹುದು.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಲೇಬಾರದು. ಹೊಸ ಮಾತ್ರೆ, ಅದರಲ್ಲೂ ನೆವಿರಪಿನ್, ಶುರುವಾದ ಮೊದಲ ವಾರಗಳಲ್ಲಿ ಜ್ವರ, ಮೈಮೇಲೆ ಗುಳ್ಳೆ, ಬಾಯಿ ತುಂಬ ಹುಣ್ಣು, ಕಣ್ಣು ಕೆಂಪು ಕಾಣಿಸಿಕೊಂಡರೆ ಅದು ಜೀವಕ್ಕೇ ಅಪಾಯ. ಅವತ್ತೇ ಆಸ್ಪತ್ರೆಗೆ ಹೋಗಿ. ನಾಳೆ ನೋಡೋಣ ಅನ್ನಬೇಡಿ.

ಉಳಿದ ಯಾವ ಬದಲಾವಣೆಗೂ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಕೇಂದ್ರದ ಡಾಕ್ಟರಿಗೆ ಮುಖ ತೋರಿಸಿ, ಬೇರೆ ಔಷಧ ಇದೆಯೇ ಅಂತ ಧೈರ್ಯವಾಗಿ ಕೇಳಿ. ನಿಮ್ಮ ಒಪ್ಪಿಗೆ ಇಲ್ಲದೆ ನಿಮ್ಮ ವಿಷಯ ಬಹಿರಂಗ ಮಾಡುವುದನ್ನು 2017ರ ಎಚ್‌ಐವಿ ಕಾಯ್ದೆ ತಡೆಯುತ್ತದೆ. ಫೋನಿನಲ್ಲಿ ವಿಚಾರಿಸಬೇಕೆನಿಸಿದರೆ 1097ಕ್ಕೆ ಕರೆ ಮಾಡಿ. ಅದು ಪುಕ್ಕಟೆ. ನಮಸ್ಕಾರ.