ಡ್ರೈವರ್ ಮನೆ ಬದಲಿಸಿದಾಗ

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದು ವೈ-ಫೈ ಡ್ರೈವರ್‌ನ, ಅಂದರೆ ವೈ-ಫೈ ಚಿಪ್ ನಡೆಸುವ ಸಾಫ್ಟ್‌ವೇರ್‌ನ, ಕಥೆ ಹೇಳುತ್ತೇನೆ. ಲೈಸೆನ್ಸ್, ಅಂದರೆ ಕೋಡನ್ನು ಯಾರು ಹೇಗೆ ಬಳಸಬಹುದು ಅನ್ನುವ ಅನುಮತಿ, ವಕೀಲರ ತಲೆನೋವು, ಕೋಡ್ ಬರೆಯುವವರಿಗೆ ಯಾಕೆ ಅಂತ ಕೇಳುವವರು ಜಾಸ್ತಿ. ಅವರಿಗೆ ನಾನು ಯಾವಾಗಲೂ ಹೇಳುವ ಕಥೆ ಇದು.

2000ದ ದಶಕದಲ್ಲಿ ಅಥೆರೋಸ್ ಕಂಪನಿಯ ವೈ-ಫೈ ಚಿಪ್‌ಗಳು ತುಂಬಾ ಲ್ಯಾಪ್‌ಟಾಪ್‌ಗಳಲ್ಲಿ ಇದ್ದವು. ಲಿನಕ್ಸ್‌ನಲ್ಲಿ ಅವಕ್ಕೆ ಮ್ಯಾಡ್‌ವೈಫೈ ಎಂಬ ಡ್ರೈವರ್ ಇತ್ತು. ಮೇಲಿನ ಭಾಗದ ಸೋರ್ಸ್ ಕೋಡ್ ಎಲ್ಲರಿಗೂ ಸಿಗುತ್ತಿತ್ತು. ಚಿಪ್ ಜೊತೆ ನೇರವಾಗಿ ಮಾತಾಡುವ ಪದರ ಮಾತ್ರ ಬರೀ ಬೈನರಿ, ಅಂದರೆ ಯಂತ್ರಕ್ಕಷ್ಟೇ ಅರ್ಥವಾಗುವ ಫೈಲ್. ಅದನ್ನು ಎಚ್‌ಎಎಲ್ ಅನ್ನುತ್ತಿದ್ದರು. ರೇಡಿಯೋ ಯಾವ ಫ್ರೀಕ್ವೆನ್ಸಿಯಲ್ಲಿ, ಎಷ್ಟು ಪವರ್‌ನಲ್ಲಿ ಕೆಲಸ ಮಾಡಬೇಕು ಅನ್ನೋದೆಲ್ಲ ಅದರ ಕೈಯಲ್ಲಿತ್ತು. ಸರ್ಕಾರದ ರೇಡಿಯೋ ನಿಯಮ ಯಾರಾದರೂ ಮೀರಿಯಾರು ಎಂಬುದು ಅದನ್ನು ಮುಚ್ಚಿಡಲು ಕೊಟ್ಟ ಕಾರಣ.

ಓಪನ್‌ಬಿಎಸ್‌ಡಿ ಲಿನಕ್ಸ್‌ನ ಹಾಗೆಯೇ ಇನ್ನೊಂದು ಮುಕ್ತ ಆಪರೇಟಿಂಗ್ ಸಿಸ್ಟಂ. ಅದರ ತಂಡ ಇಂಥ ಬೈನರಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಲ್ಲಿನ ರೈಕ್ ಫ್ಲೋಟರ್ ರಿವರ್ಸ್ ಎಂಜಿನಿಯರಿಂಗ್ ಮಾಡಿ ಆ ಪದರವನ್ನು ತಾವೇ ಬರೆದರು. ಚಿಪ್ ಒಳಗಿನ ಯಾವ ರಿಜಿಸ್ಟರ್‌ಗೆ (ಸೆಟ್ಟಿಂಗ್ ಇಡುವ ಜಾಗಕ್ಕೆ) ಯಾವ ಸಂಖ್ಯೆ, ಯಾವ ಕ್ರಮದಲ್ಲಿ ಹೋಗಬೇಕು ಅಂತ ಒಂದೊಂದಾಗಿ ಪತ್ತೆ ಹಚ್ಚುವ ಕೆಲಸ ಅದು. ಎಷ್ಟು ತಾಳ್ಮೆ ಬೇಕು ಯೋಚಿಸಿ. ಅದನ್ನು ಅವರು ಐಎಸ್‌ಸಿ ಲೈಸೆನ್ಸ್‌ನಲ್ಲಿ ಎಲ್ಲರಿಗೂ ಕೊಟ್ಟರು. ಬಳಸಿ, ಬದಲಿಸಿ, ಬೇಕಾದರೆ ಮಾರಿ. ಕಾಪಿರೈಟ್ ಸಾಲು ಮತ್ತು ಅನುಮತಿಯ ಸಾಲುಗಳು ಎಲ್ಲ ಪ್ರತಿಗಳಲ್ಲೂ ಇರಬೇಕು. ಷರತ್ತು ಅಷ್ಟೇ.

ಲಿನಕ್ಸ್‌ನವರು ಅದನ್ನು ಪೋರ್ಟ್ ಮಾಡಲು, ಅಂದರೆ ತಮ್ಮ ಸಿಸ್ಟಂಗೆ ಹೊಂದಿಸಿಕೊಳ್ಳಲು, ಹೊರಟರು. ಪೋರ್ಟ್ ಮಾಡುವಾಗ ಅರ್ಧ ಕೋಡ್ ಬದಲಾಗುತ್ತದೆ. ಬಿಎಸ್‌ಡಿಯಲ್ಲಿ ನೆಟ್‌ವರ್ಕ್ ಪ್ಯಾಕೆಟ್ ಎಂಬಫ್‌ನಲ್ಲಿ ಇರುತ್ತದೆ, ಲಿನಕ್ಸ್‌ನಲ್ಲಿ ಎಸ್‌ಕೆ-ಬಫ್‌ನಲ್ಲಿ. ಮೆಮೊರಿ ಕೇಳುವ ರೀತಿ ಬೇರೆ, ಲಾಕ್ ಹಾಕುವ ರೀತಿ ಬೇರೆ. ಆದರೆ ಹಾರ್ಡ್‌ವೇರ್ ಬಗೆಗಿನ ತಿಳಿವಳಿಕೆ, ಆ ರಿಜಿಸ್ಟರ್ ಟೇಬಲ್‌ಗಳು, ಹಾಗೇ ದಾಟಿಬರುತ್ತವೆ. ಡ್ರೈವರ್‌ನ ಜೀವ ಇರೋದೇ ಅಲ್ಲಿ.

2007ರ ಆಗಸ್ಟ್‌ನಲ್ಲಿ ಲಿನಕ್ಸ್ ಕಡೆಯಿಂದ ಒಂದು ಪ್ಯಾಚ್, ಅಂದರೆ ಕೋಡ್ ತಿದ್ದುಪಡಿ, ಬಂತು. ಅದರಲ್ಲಿ ಫೈಲ್‌ಗಳ ಮೇಲಿದ್ದ ಹಳೆಯ ಲೈಸೆನ್ಸ್ ತೆಗೆದು ಲಿನಕ್ಸ್‌ನ ಲೈಸೆನ್ಸ್ ಆದ ಜಿಪಿಎಲ್ ಹಾಕಿದ್ದರು. ಬದಲಿಸಿ ಹಂಚುವವರು ತಮ್ಮ ಕೋಡನ್ನೂ ಅದೇ ಲೈಸೆನ್ಸ್‌ನಲ್ಲಿ ಕೊಡಬೇಕು ಅನ್ನುವುದು ಅದರ ಷರತ್ತು. ಓಪನ್‌ಬಿಎಸ್‌ಡಿಯ ಮುಖ್ಯಸ್ಥ ಥಿಯೋ ಡಿ ರಾಟ್ ಸಿಟ್ಟಿಗೆದ್ದರು. ಕೆಲವು ಫೈಲ್‌ಗಳಿಗೆ ಎರಡು ಲೈಸೆನ್ಸ್ ಇತ್ತು, ಅಲ್ಲಿ ಒಂದನ್ನು ಆರಿಸಿಕೊಳ್ಳಬಹುದಿತ್ತು. ರೈಕ್ ಅವರ ಫೈಲ್‌ಗಳಿಗೆ ಇದ್ದದ್ದು ಐಎಸ್‌ಸಿ ಒಂದೇ. ಅದನ್ನು ಅಳಿಸುವ ಹಕ್ಕು ಬೇರೆ ಯಾರಿಗೂ ಇಲ್ಲ.

ಅಳಿಸದೆ, ಹೊಸದಾಗಿ ಬರೆದ ಭಾಗಕ್ಕೆ ಜಿಪಿಎಲ್ ಸೇರಿಸಿದ್ದರೆ? ಕಾನೂನು ಒಪ್ಪುತ್ತದೆ. ನನಗೆ ಅಷ್ಟು ಸಾಲದು. ಜಿಪಿಎಲ್ ಆದ ತಿದ್ದುಪಡಿಗಳನ್ನು ಓಪನ್‌ಬಿಎಸ್‌ಡಿ ತನ್ನ ಕರ್ನಲ್‌ಗೆ, ಅಂದರೆ ಸಿಸ್ಟಂನ ತಿರುಳಿಗೆ, ವಾಪಸ್ ತಗೊಳ್ಳುವುದಿಲ್ಲ. ಅಂದರೆ ಮೊದಲು ಕೊಟ್ಟವರಿಗೇ ಬಾಗಿಲು ಮುಚ್ಚಿದ ಹಾಗೆ, ಅಲ್ವಾ? ಕಂಪನಿಗಳು ಹೀಗೆ ಮಾಡಬಹುದು ಅಂತ ಗೊತ್ತಿದ್ದೇ ಐಎಸ್‌ಸಿ ಹಾಕಿರುತ್ತಾರೆ, ನಿಜ. ಆದರೆ ಅದೇ ಕೆಲಸ ಮಾಡುವ ಗೆಳೆಯರಿಂದ ಬಂದಾಗ ಆಗುವ ನೋವು ಬೇರೆ.

ತಪ್ಪು ಒಂದೇ ಕಡೆಯದಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಬ್ರಾಡ್‌ಕಾಮ್ ಚಿಪ್‌ನ ಡ್ರೈವರ್ ವಿಷಯದಲ್ಲಿ ಉಲ್ಟಾ ಆಗಿತ್ತು. ಲಿನಕ್ಸ್‌ನ ಜಿಪಿಎಲ್ ಕೋಡ್ ಓಪನ್‌ಬಿಎಸ್‌ಡಿಯ ಸಿವಿಎಸ್ ಎಂಬ ಕೋಡ್ ಭಂಡಾರದಲ್ಲಿ ಕಂಡಿತು. ಲಿನಕ್ಸ್‌ನವರು ಎಲ್ಲರೆದುರೇ ಆಕ್ಷೇಪಿಸಿದರು. ಓಪನ್‌ಬಿಎಸ್‌ಡಿ ಡೆವಲಪರ್ ಆ ಡ್ರೈವರನ್ನೇ ತೆಗೆದುಹಾಕಿದರು. ಮೊದಲು ಒಂದು ಖಾಸಗಿ ಇಮೇಲ್ ಹೋಗಿದ್ದರೆ ಆ ಡ್ರೈವರ್ ಉಳಿಯುತ್ತಿತ್ತೋ ಏನೋ ಅಂತ ನನಗೆ ಈಗಲೂ ಅನಿಸುತ್ತದೆ.

ಅಥೆರೋಸ್ ಜಗಳದಲ್ಲಿ ಸಾಫ್ಟ್‌ವೇರ್ ಫ್ರೀಡಂ ಲಾ ಸೆಂಟರ್‌ನ ವಕೀಲರು ನಡುವೆ ಬಂದರು. ಜಿಪಿಎಲ್ ಪ್ರಾಜೆಕ್ಟ್ ಒಳಗೆ ಇಂಥ ಫೈಲ್‌ಗಳನ್ನು ಹೇಗೆ ಇಟ್ಟುಕೊಳ್ಳಬೇಕು ಅಂತ ಸೆಪ್ಟೆಂಬರ್‌ನಲ್ಲಿ ಒಂದು ಮಾರ್ಗಸೂಚಿ ಬರೆದರು. 2008ರಲ್ಲಿ ಡ್ರೈವರ್ ಎಟಿಎಚ್5ಕೆ ಎಂಬ ಹೆಸರಲ್ಲಿ ಲಿನಕ್ಸ್‌ನ 2.6.25 ಆವೃತ್ತಿಯೊಳಗೆ ಸೇರಿತು. ಅದೇ ವರ್ಷ ಅಥೆರೋಸ್ ಕೂಡ ತನ್ನ ಎಚ್‌ಎಎಲ್‌ನ ಸೋರ್ಸ್ ಕೋಡ್ ಬಿಟ್ಟುಕೊಟ್ಟಿತು, ಅದೂ ಐಎಸ್‌ಸಿ ಲೈಸೆನ್ಸ್‌ನಲ್ಲೇ.

ಮನೆಗೆ ಹೋದ ಮೇಲೆ ಲಿನಕ್ಸ್ ಕರ್ನಲ್ ಸೋರ್ಸ್‌ನಲ್ಲಿ ಎಟಿಎಚ್5ಕೆ ಫೋಲ್ಡರ್ ತೆಗೆದು ನೋಡಿ. ಆ ರಿಜಿಸ್ಟರ್ ಟೇಬಲ್‌ಗಳಿರುವ ಇನಿಟ್‌ವಾಲ್ಸ್ ಎಂಬ ಫೈಲ್ ಸಿಗುತ್ತದೆ. ಮೊದಲ ಹೆಸರು ರೈಕ್ ಫ್ಲೋಟರ್ ಅವರದು. ಅದರ ಕೆಳಗೆ ಲಿನಕ್ಸ್‌ನವರ ಹೆಸರುಗಳು. ಅದರ ಕೆಳಗೆ ಐಎಸ್‌ಸಿಯ ಅದೇ ಅನುಮತಿ.