ಕಂಪನಿ ಊರನ್ನು ಆರಿಸುವ ಬಗೆ

ಅಧ್ಯಕ್ಷರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ಅಮೆರಿಕದ ಡಲ್ಲಾಸ್ ನಗರದ, ಎಲೆಕ್ಟ್ರಾನಿಕ್ ಚಿಪ್‌ಗಳನ್ನು ತಯಾರಿಸುವ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲಿ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆದಾಗ, ಮನೆಗೊಂದು ಫೋನ್ ಬೇಕೆಂದು ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಕಂಪನಿಗಾದರೋ, ಇಲ್ಲಿಯ ಎಂಜಿನಿಯರುಗಳು ಮಾಡಿದ ಕೆಲಸ ತಡವಿಲ್ಲದೆ ಸಮುದ್ರದಾಚೆಯ ಕಚೇರಿಗಳನ್ನು ಮುಟ್ಟಬೇಕಿತ್ತು. ಅದಕ್ಕಾಗಿ ಉಪಗ್ರಹದ ಮೂಲಕ ಪ್ರತ್ಯೇಕ ಸಂಪರ್ಕವೇ ಏರ್ಪಾಡಾಯಿತು. ಅದರ ಆಂಟೆನಾ ಎತ್ತಿನ ಗಾಡಿಯ ಮೇಲೆ ಸಾಗಿದ ಪ್ರಸಂಗವನ್ನು ಬೆಂಗಳೂರಿನ ಹಳಬರು ಈಗಲೂ ನಗುತ್ತ ಹೇಳುತ್ತಾರೆ. ಆಂಟೆನಾ ಹೊರಲು ಎತ್ತುಗಳನ್ನು ಹುಡುಕಬೇಕಾದಂಥ ಊರಿಗೆ ಡಲ್ಲಾಸ್‌ನ ಕಂಪನಿಯೊಂದು ಏಕೆ ಬಂತು ಎಂಬುದೇ ಇಂದಿನ ನನ್ನ ವಿಷಯ.

ತಂಪು ಹವೆ ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಹವೆಯೊಂದೇ ಸಾಕಾಗಿದ್ದರೆ ಆ ಕಂಪನಿ ಮಡಿಕೇರಿಗೆ ಹೋಗಬಹುದಿತ್ತು. ಬೆಂಗಳೂರಿನಲ್ಲಿ 1909ರಿಂದ ಭಾರತೀಯ ವಿಜ್ಞಾನ ಸಂಸ್ಥೆ ಇತ್ತು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಉಪಕರಣಗಳ ಕಾರ್ಖಾನೆ ಐಟಿಐ, 1954ರಲ್ಲಿ ಸೈನ್ಯಕ್ಕೆ ಎಲೆಕ್ಟ್ರಾನಿಕ್ ಉಪಕರಣಗಳನ್ನು ತಯಾರಿಸುವ ಬಿಇಎಲ್ ಒಂದರ ಹಿಂದೊಂದು ಬಂದಿದ್ದವು. ಎಲೆಕ್ಟ್ರಾನಿಕ್ಸ್ ಬಲ್ಲ ಎಂಜಿನಿಯರುಗಳೂ ಅವರನ್ನು ತಯಾರು ಮಾಡುವ ಕಾಲೇಜುಗಳೂ ಇದರಿಂದಾಗಿ ಒಂದೇ ಊರಿನಲ್ಲಿ ಕೂಡಿಬಂದರು. ಇವುಗಳಲ್ಲಿ ಯಾವುದನ್ನೂ ವಿದೇಶಿ ಕಂಪನಿಗಳನ್ನು ಕರೆಸುವ ಉದ್ದೇಶದಿಂದ ಕಟ್ಟಿರಲಿಲ್ಲ ಎಂಬುದನ್ನು ಗಮನಿಸಿ. ಸಂಪರ್ಕದ ಕೊರತೆಯನ್ನು ಹಣ ಕೊಟ್ಟು ಕೆಲವು ತಿಂಗಳುಗಳಲ್ಲಿ ನೀಗಿಸಿಕೊಳ್ಳಬಹುದು. ಮೂವತ್ತು ನಲವತ್ತು ವರ್ಷಗಳಲ್ಲಿ ಬೆಳೆದ ಕಸುಬುಗಾರರ ಬಳಗವನ್ನು ಹಾಗೆ ತರಿಸಿಕೊಳ್ಳಲು ಬರುವುದಿಲ್ಲ.

ಸ್ಟೀಫನ್ ಹೈಮರ್ ಎಂಬ ಕೆನಡಾದ ಅರ್ಥಶಾಸ್ತ್ರಜ್ಞ 1960ರ ತನ್ನ ಪಿಎಚ್‌ಡಿ ಪ್ರಬಂಧದಲ್ಲಿ ಎತ್ತಿದ ಒಂದು ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪರದೇಶದಲ್ಲಿ ವ್ಯವಹಾರಕ್ಕಿಳಿಯುವ ಕಂಪನಿಗೆ ಅಲ್ಲಿಯ ಕಾನೂನು, ಭಾಷೆ, ಸರ್ಕಾರಿ ಕಚೇರಿಗಳ ರೀತಿನೀತಿ ಯಾವುದೂ ಸ್ಥಳೀಯರಿಗೆ ತಿಳಿದಷ್ಟು ತಿಳಿದಿರುವುದಿಲ್ಲ. ಈ ಪರಕೀಯತೆಗೆ ಅದು ಬೆಲೆ ತೆರಲೇಬೇಕು. ಊರು ಆರಿಸುವ ಕೆಲಸದ ಬಹುಪಾಲು ಈ ಬೆಲೆಯನ್ನು ತಗ್ಗಿಸಿಕೊಳ್ಳುವ ಲೆಕ್ಕಾಚಾರವೇ ಎಂದು ನನಗನ್ನಿಸುತ್ತದೆ. ದುಡಿಮೆಗೆಂದು ಪರವೂರಿಗೆ ಹೋದವನು ತನ್ನ ಕಡೆಯವರಿರುವ ಬೀದಿಯಲ್ಲೇ ಬಾಡಿಗೆ ಮನೆ ಹುಡುಕುವುದಿಲ್ಲವೇ? ಕಂಪನಿಯೂ ಹಾಗೆಯೇ. ಮೊದಲು ಬಂದವರ ಸುತ್ತ ವಿದೇಶಿ ಲೆಕ್ಕಪತ್ರ ಬಲ್ಲ ಆಡಿಟರುಗಳು, ವಕೀಲರು, ಕೆಲಸ ಬದಲಿಸಲು ಸಿದ್ಧರಿರುವ ಅನುಭವಿ ಎಂಜಿನಿಯರುಗಳು ಸೇರಿಕೊಂಡಿರುತ್ತಾರೆ. ಎರಡನೆಯವನಿಗೆ ದಾರಿ ಅರ್ಧ ಸವೆದಿರುತ್ತದೆ. ಬಾಡಿಗೆ ಏರಿದರೂ, ಹೊರವರ್ತುಲ ರಸ್ತೆಯಲ್ಲಿ ಗಂಟೆಗಟ್ಟಲೆ ನಿಂತರೂ ಬೆಂಗಳೂರಿಗೇ ಬರುತ್ತಾರಲ್ಲ ಎಂದು ಬೆರಗಾಗುವವರು ಈ ಅಂಶವನ್ನು ಮರೆಯುತ್ತಾರೆ. ಹುಬ್ಬಳ್ಳಿ–ಧಾರವಾಡಕ್ಕೋ ಮಂಗಳೂರಿಗೋ ಹೋಗಿ ಎಂದು ರಿಯಾಯಿತಿ ಕೊಟ್ಟರೂ ಫಲ ನಿಧಾನವಾಗಿರುವುದಕ್ಕೆ ಇದೂ ಒಂದು ಕಾರಣ.

ಕೆಲಸ ಬೇರೆಯಾದರೆ ಲೆಕ್ಕವೂ ಬೇರೆ. 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಗೆ ಬೇಕಾಗಿದ್ದದ್ದು ನೂರಾರು ಎಕರೆ ಜಮೀನು, ಹೆದ್ದಾರಿ, ಬಿಡಿಭಾಗಗಳನ್ನು ಬೇಕಾದ ಹೊತ್ತಿಗೆ ತಂದೊಪ್ಪಿಸುವ ಪೂರೈಕೆದಾರರು. ಅದು ಬಿಡದಿಯಲ್ಲಿ ನೆಲೆಯಾಯಿತು. ಪೂರೈಕೆದಾರರೂ ಅದರ ಮಗ್ಗುಲಿಗೇ ಬಂದರು.

ರಿಯಾಯಿತಿಯ ಪ್ರಸ್ತಾಪ ಬಂದುದರಿಂದ ಮಧ್ಯ ಅಮೆರಿಕದ ಪುಟ್ಟ ದೇಶ ಕೋಸ್ಟರಿಕಾದ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೈಕ್ರೋಪ್ರೊಸೆಸರುಗಳನ್ನು ಜೋಡಿಸಿ ಪರೀಕ್ಷಿಸುವ ಘಟಕವೊಂದಕ್ಕಾಗಿ ಇಂಟೆಲ್ ಸ್ಥಳ ಹುಡುಕುತ್ತಿದ್ದಾಗ ಅದರ ಪಟ್ಟಿಯಲ್ಲಿ ಬ್ರೆಜಿಲ್, ಚಿಲಿ, ಮೆಕ್ಸಿಕೋಗಳಂಥ ದೇಶಗಳಿದ್ದವು. 1996ರ ನವೆಂಬರಿನಲ್ಲಿ ಅದು ಆರಿಸಿದ್ದು ನಲವತ್ತು ಲಕ್ಷ ಜನರೂ ಇಲ್ಲದ ಕೋಸ್ಟರಿಕಾವನ್ನು, ರಾಜಧಾನಿ ಸ್ಯಾನ್ ಹೊಸೆಯ ಸಮೀಪದ ಒಂದು ಜಾಗವನ್ನು. ತೆರಿಗೆ ವಿನಾಯಿತಿ ಇತ್ತು, ನಿಜ. ಆದರೆ ಅದು ಮುಕ್ತ ವಲಯದ, ಅಂದರೆ ತೆರಿಗೆ ರಿಯಾಯಿತಿಯುಳ್ಳ ಉದ್ಯಮ ಪ್ರದೇಶದ, ಕಾನೂನಿನಲ್ಲಿ ಇತರರಿಗೂ ಸಿಗುತ್ತಿದ್ದಂಥದೇ. ತಂತ್ರಜ್ಞರು ಸಾಲುವುದಿಲ್ಲವೇನೋ ಎಂದು ಕಂಪನಿ ಅಳುಕಿದಾಗ ಅಲ್ಲಿಯ ತಾಂತ್ರಿಕ ಸಂಸ್ಥೆ ಅದಕ್ಕೆಂದೇ ಹೊಸ ತರಬೇತಿಯನ್ನು ರೂಪಿಸಿತು. ಅಧ್ಯಕ್ಷ ಹೊಸೆ ಮಾರಿಯಾ ಫಿಗೆರೆಸ್ ಖುದ್ದಾಗಿ ಮಾತುಕತೆಗೆ ಕುಳಿತರು. ಅವರ ತಂದೆ ಹೊಸೆ ಫಿಗೆರೆಸ್ 1948ರಲ್ಲಿ ದೇಶದ ಸೈನ್ಯವನ್ನೇ ರದ್ದು ಮಾಡಿದವರು. ಸೈನ್ಯಕ್ಕೆ ಹೋಗಬಹುದಾಗಿದ್ದ ಹಣದಲ್ಲಿ ಶಾಲೆಗಳಿಗೂ ಪಾಲು ಸಿಕ್ಕಿತು. ಮಗ ಮೇಜಿನ ಮೇಲಿಟ್ಟ ಅನುಕೂಲದ ಒಂದು ಭಾಗವನ್ನು ಅರ್ಧ ಶತಮಾನದ ಹಿಂದೆ ತಂದೆಯೇ ಸಿದ್ಧಪಡಿಸಿದ್ದರೆಂದರೆ ತಪ್ಪಾಗಲಾರದು. ತೆರಿಗೆ ರಿಯಾಯಿತಿಗೆ ತೂಕವಿಲ್ಲವೆಂದು ನಾನು ಹೇಳುತ್ತಿಲ್ಲ. ಎರಡು ಊರುಗಳು ಸರಿಸಮ ನಿಂತಾಗ ಅದು ತಕ್ಕಡಿಯನ್ನು ಒಂದು ಕಡೆಗೆ ವಾಲಿಸುತ್ತದೆ. ಪಟ್ಟಿಗೇ ಬಾರದ ಊರನ್ನು ಪಟ್ಟಿಗೆ ತರುವ ಶಕ್ತಿ ಅದಕ್ಕೆ ಕಡಿಮೆ.

ಬಂದವರು ಹೋಗುವುದೂ ಇದೆ. 2014ರಲ್ಲಿ ಇಂಟೆಲ್ ಆ ಜೋಡಣೆಯ ಕೆಲಸವನ್ನು ಏಷ್ಯಾದ ತನ್ನ ಘಟಕಗಳಿಗೆ ವರ್ಗಾಯಿಸುವುದಾಗಿ ಪ್ರಕಟಿಸಿತು; ಸುಮಾರು 1,500 ಮಂದಿಯ ನೌಕರಿ ಹೋಯಿತು. ಎಂಜಿನಿಯರುಗಳು ಕೆಲಸ ಮಾಡುತ್ತಿದ್ದ ಸಂಶೋಧನೆ ಮತ್ತು ಅಭಿವೃದ್ಧಿ ಕೇಂದ್ರವನ್ನು ಮಾತ್ರ ಅದು ಅಲ್ಲಿಂದ ಕೀಳಲಿಲ್ಲ.