ಹೆದರುಪುಕ್ಕಲ ನಾಯಿಯ ಪರವಾಗಿ ನಾಲ್ಕು ಮಾತು

ನಮಸ್ಕಾರ. ಇವತ್ತು ಒಂದು ನಾಯಿಯ ಪರ ವಾದ ಮಾಡೋಣ. ಎಲೆ ಅಲ್ಲಾಡಿದರೂ ನಡುಗುವ ಗುಲಾಬಿ ಬಣ್ಣದ ನಾಯಿ. 'ಕರೇಜ್ ದಿ ಕವರ್ಡ್ಲಿ ಡಾಗ್' ಅನ್ನುವ ಕಾರ್ಟೂನಿನದು; ಹೆಸರು ಮಾತ್ರ ಕರೇಜ್, ಅಂದರೆ ಧೈರ್ಯ. ಕಾರ್ಟೂನ್ ನೆಟ್‌ವರ್ಕಿನಲ್ಲಿ 1999ರಿಂದ 2002ರವರೆಗೆ ಬಂದಿದ್ದು ಬರೀ 52 ಎಪಿಸೋಡು. ಆದರೆ ಹುಬ್ಬಳ್ಳಿಯಲ್ಲಿ ಆಗ ಕೇಬಲ್ ಟಿವಿ ಮುಂದೆ ಕೂತಿದ್ದವರ ಹತ್ತಿರ ಇದರ ಹೆಸರು ಎತ್ತಿ ನೋಡಿ. "ಚಪ್ಪಡಿ ವಾಪಸ್ ಕೊಡು ಅಂತ ರಾತ್ರಿ ಹೊಲದಲ್ಲಿ ಬಂದು ನಿಲ್ಲುತ್ತಿತ್ತಲ್ಲ, ಆ ರಾಮ್ಸೆಸ್ ರಾಜನ ದೆವ್ವ!" ಅಂತ ಶುರು ಮಾಡುತ್ತಾರೆ.

"ಅದನ್ನೆಲ್ಲ ಮಕ್ಕಳಿಗೆ ತೋರಿಸಬಾರದು" ಅನ್ನುವವರಿದ್ದಾರೆ. ನಾನಂತೂ ಒಪ್ಪಲ್ಲ.

ಕಥೆ ನಡೆಯುವುದು ಅಮೆರಿಕದ ಕಾನ್ಸಾಸಿನಲ್ಲಿ. ಬಟಾಬಯಲು, ಒಂಟಿ ಮನೆ, ಮ್ಯೂರಿಯಲ್ ಅಜ್ಜಿ, ಯುಸ್ಟೇಸ್ ಅಜ್ಜ, ಒಂದು ನಾಯಿ. ನವಲಗುಂದ ಕಡೆಯ ಎರೆಹೊಲದಲ್ಲಿ ರಾತ್ರಿ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾವು ನೋಡುವಾಗ ಮಾತು ಇಂಗ್ಲಿಷ್, ಇಲ್ಲಾ ಹಿಂದಿ. ಅರ್ಧಂಬರ್ಧ ತಿಳಿಯುತ್ತಿತ್ತು. ಏನೂ ಕಡಿಮೆ ಆಗಲಿಲ್ಲ, ಯಾಕಂದ್ರೆ ಆ ನಾಯಿಯೂ ಬಾಯಿಬಿಟ್ಟು ಮಾತಾಡುತ್ತಿದ್ದದ್ದು ಕಡಿಮೆ! ದೆವ್ವ ಕಂಡರೆ ಓಡಿ ಬಂದು, ಮೈಯನ್ನೇ ತಿರುಚಿ ಆ ದೆವ್ವದ ಆಕಾರ ಮಾಡಿ ತೋರಿಸುತ್ತಿತ್ತು. ಯುಸ್ಟೇಸ್ ಅಜ್ಜ ಪೇಪರಿನಿಂದ ಕಣ್ಣು ಎತ್ತದೆ "ಸ್ಟುಪಿಡ್ ಡಾಗ್!" ಅಂತ ಗದರುತ್ತಿದ್ದ. ನಮ್ಮ ಮನೆಗಳಲ್ಲಿ ಅದೇ ಮಾತು "ಏ ಮಂಗ್ಯಾ, ಸುಮ್ನ ಮಲ್ಕೋ" ಅಂತ ಬರುತ್ತಿತ್ತು, ಅಷ್ಟೇ. ಅಜ್ಜಿಗೆ ನಾಯಿ ಮೇಲೆ ಜೀವ. ಆದರೆ ಅವಳಿಗೂ ಏನೂ ಕಾಣಿಸುತ್ತಿರಲಿಲ್ಲ. ನನ್ನ ಪ್ರಕಾರ ಜಾಸ್ತಿ ಹೆದರಿಸಿದ್ದು ಇದೇ. ಕಣ್ಣಾರೆ ಕಂಡಿದ್ದನ್ನು ಹೇಳಿದರೂ ದೊಡ್ಡವರು ನಂಬದೇ ಇರುವುದು. ಮಕ್ಕಳಿಗೆ ಇದು ದಿನಾ ಆಗುತ್ತದೆ.

ಇನ್ನೊಂದು ವಿಷಯ. ಕರೇಜ್‌ಗೆ ಧೈರ್ಯ ಬರುವುದೇ ಇಲ್ಲ. ಇವತ್ತು ಅಜ್ಜಿಯನ್ನು ಉಳಿಸಿರುತ್ತದೆ, ಮುಂದಿನ ಎಪಿಸೋಡಿನಲ್ಲಿ ಮತ್ತೆ ಹಲ್ಲು ಕಟಕಟ. ಕಿರುಚುತ್ತಲೇ ಹೋಗಿ ಕೆಲಸ ಮುಗಿಸಿ ಬರುತ್ತದೆ. ಎದೆ ಸೆಟೆಸಿ ನಿಲ್ಲುವ ಹೀರೋಗಳನ್ನು ನೋಡಿ ಸಾಕಾದವರಿಗೆ ಇದು ಇಷ್ಟವಾಗದೇ ಇರುತ್ತದಾ?

ಕೊನೆಯ ಎಪಿಸೋಡು, 'ಪರ್ಫೆಕ್ಟ್'. ಅದರಲ್ಲಿ ಭೂತ ಅಂದರೆ ಒಬ್ಬ ಟೀಚರ್. ಎಲ್ಲವೂ ಅಚ್ಚುಕಟ್ಟಾಗಿರಬೇಕು ಅಂತ ನಾಯಿಯನ್ನು ಹಿಂಡಿ ಹಿಪ್ಪೆ ಮಾಡುತ್ತಾಳೆ. ರಾತ್ರಿ ಕನಸಿನಲ್ಲಿ ಒಂದು ನೀಲಿ ಆಕೃತಿ ಬಂದು "ನೀನು ಪರ್ಫೆಕ್ಟ್ ಅಲ್ಲ" ಅನ್ನುತ್ತದೆ. ಕಡೆಗೆ ಸಮಾಧಾನ ಹೇಳುವುದು ಯಾರು ಗೊತ್ತಾ? ಬಾತ್‌ಟಬ್ಬಿನಲ್ಲಿರುವ ಒಂದು ಮೀನು! ಪರ್ಫೆಕ್ಟ್ ಅನ್ನುವುದೇ ಇಲ್ಲ ಮಾರಾಯ, ಅಂತ. ಇಂಥ ಜಾಗದಿಂದ ಬುದ್ಧಿಮಾತು ಬಂದಿದ್ದಕ್ಕೇ ಅದು ಬುದ್ಧಿಮಾತು ಅನ್ನಿಸಲಿಲ್ಲ.

ಧಾರವಾಡದ ಸಪ್ತಾಪುರದಲ್ಲಿ ಒಂದು ಸುತ್ತು ಹಾಕಿ. ಗೋಡೆ ತುಂಬಾ ಕೋಚಿಂಗ್ ಬೋರ್ಡು, ರ‍್ಯಾಂಕ್ ಬಂದವರ ಫೋಟೋ. ಅಲ್ಲಿ ರೂಮು ಮಾಡಿಕೊಂಡು ಓದುವ ಹುಡುಗರಿಗೆ ಆ ನೀಲಿ ಆಕೃತಿಯ ಪರಿಚಯ ಬೇರೆ ಮಾಡಿಸಬೇಕಾ?

ಅಪ್ಪ ಅಮ್ಮಂದಿರೇ, ರಾಮ್ಸೆಸ್ ಎಪಿಸೋಡು ಬೇಕಾದರೆ ಮುಂದೆ ಓಡಿಸಿ. 'ಪರ್ಫೆಕ್ಟ್' ಒಂದನ್ನು ಮಾತ್ರ ಮಕ್ಕಳ ಜೊತೆ ನೀವೂ ಕೂತು ನೋಡಿ. ಫೋನು ಆ ಕಡೆ ಇಟ್ಟು.